ಅಕ್ಕ ಬಿಟ್ಟ ಹಾಲು

ಹಬ್ಬ ಹತ್ತಿರ ಬಂತೆಂದರೆ ನನ್ನ ಹೆಂಡತಿ ಸರೋಜಳಿಗೆ ಅಟ್ಟದ ನೆನಪಾಗುತ್ತದೆ. ಅಟ್ಟ ಎಂದಾಕ್ಷಣ ಏಣಿ ಹತ್ತಿ ಹೋಗುವ ಹಳೆಯ ಮನೆಯ ಅಟ್ಟವನ್ನು ನೆನೆಸಿಕೊಳ್ಳಬೇಡಿ. ಮದರಾಸಿನ ಪಲ್ಲಾವರಂನ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಮೇಲೆ ಗೋಡೆಯಿಂದ ಹೊರಟ ಒಂದು ಸಿಮೆಂಟಿನ ಹಲಗೆಯಿದೆ, ಅಷ್ಟೇ. ಇಲ್ಲಿಯವರು ಅದನ್ನು ಪರಣ್ ಎನ್ನುತ್ತಾರೆ. ಮೂವತ್ತು ವರ್ಷದಿಂದ ಇಲ್ಲಿಯೇ ಇರುವ ನಾವೂ ಹಾಗೇ ಅನ್ನುತ್ತೇವೆ. ಸರೋಜ ಸ್ಟೂಲಿನ ಮೇಲೆ ನಿಂತು ಒಂದೊಂದೇ ಸಾಮಾನು ಇಳಿಸುತ್ತಾಳೆ. ಸ್ಟೂಲು ಹಿಡಿದುಕೊಳ್ಳುವುದು ನನ್ನ ಕೆಲಸ.

"ರೀ, ಕಣ್ಣು ಬಿಟ್ಕೊಂಡು ಹಿಡ್ಕೊಳ್ಳಿ," ಎಂದು ಮೇಲಿನಿಂದ ಗದರಿಸಿದಳು. ನಾನು ಕಣ್ಣು ಮುಚ್ಚಿದ್ದು ಅವಳಿಗೆ ಹೇಗೆ ತಿಳಿಯಿತೋ ಕಾಣೆ. ಹೆಂಡತಿ ಎತ್ತರದಲ್ಲಿ ನಿಂತಿರುವುದನ್ನು ನೋಡುವ ಧೈರ್ಯ ನನಗಿಲ್ಲ. ಕಣ್ಣು ಬಿಟ್ಟು ನೋಡಿದರೆ ಅವಳು ಒಂದು ತಗಡಿನ ಡಬ್ಬವನ್ನು ನನ್ನ ಮೂಗಿನ ಮುಂದೆ ಹಿಡಿದು ನಗುತ್ತಿದ್ದಾಳೆ. "ತಗೊಳ್ಳಿ, ನಿಮ್ಮ ಗೊಬ್ಬರ ಸಿಕ್ತು."

ಡಬ್ಬದ ಹೊಟ್ಟೆಗೆ ಬಿಳಿ ಕಾಗದ ಅಂಟಿಸಿದೆ. ಅದರ ಮೇಲೆ ನನ್ನದೇ ಕೈಬರಹ. ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತಾರು ವರ್ಷ ನಕ್ಷೆ ಎಳೆದವನ ಬರಹ, ಅಕ್ಷರಗಳು ಮುತ್ತಿನ ಹಾಗಿವೆ: ಗಿಡದ ಗೊಬ್ಬರ. ಅದರ ಕೆಳಗೆ ಸಣ್ಣದಾಗಿ, ಮುಟ್ಟಬೇಡಿ. ಅದನ್ನು ಕೈಗೆ ತೆಗೆದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸರೋಜ ಸ್ಟೂಲಿನ ಮೇಲೇ ಉಳಿದಳು, ಪಾಪ.

ನನ್ನ ಹೆದರಿಕೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರಿಂದ ತಿಳಿದರೆ ನೀವು ಇನ್ನೂ ಹೆಚ್ಚು ನಗುತ್ತೀರಿ. ನಾಯಿ ಕಂಡರೆ ರಸ್ತೆ ದಾಟುತ್ತೇನೆ, ರಸ್ತೆ ದಾಟುವುದೆಂದರೂ ಹೆದರುತ್ತೇನೆ. ಗ್ಯಾಸ್ ಸಿಲಿಂಡರು ಬದಲಾಯಿಸುವಾಗ ಮೆಟ್ಟಿಲಿಳಿದು ಗೇಟಿನ ಹತ್ತಿರ ನಿಲ್ಲುತ್ತೇನೆ. ತಾಂಬರಂ ಕಡೆಯ ಎಲೆಕ್ಟ್ರಿಕ್ ರೈಲು ಪೂರ್ತಿ ನಿಂತಮೇಲೂ ಒಂದು ಕ್ಷಣ ಕಾದು ಹತ್ತಹೋಗಿ, ರೈಲು ಹೊರಟೇಹೋದ ದಿನಗಳು ಎಷ್ಟೋ ಇವೆ. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು. ನನ್ನ ಪ್ರಾಣ ಬಾಯಿಗೆ ಬರುವುದು ಒಂದೇ ಒಂದು ಶಬ್ದಕ್ಕೆ. ಬಚ್ಚಲುಮನೆಯಲ್ಲಿ ಚೊಂಬು ಬೀಳುವ ಶಬ್ದಕ್ಕೆ.

ಅದಕ್ಕೆ ಕಾರಣವಿದೆ. ನಂಜನಗೂಡಿನ ನಮ್ಮ ಮನೆಯಲ್ಲಿ ಬಚ್ಚಲು ಹಿತ್ತಲ ಕಡೆಗಿತ್ತು. ನನಗಾಗ ಏಳು ವರ್ಷ. ಒಂದು ಬೆಳಗ್ಗೆ ನಾನು ಒಲೆಯ ಮುಂದೆ ಕೂತು ತೆಂಗಿನ ಗರಿ ತುರುಕುತ್ತಿದ್ದಾಗ ಒಳಗಡೆ ಹಿತ್ತಾಳೆ ಚೊಂಬು ಠಣ್ಣೆಂದು ಬಿತ್ತು. ಬಿದ್ದು ಗರಗರನೆ ಉರುಳಿತು. ಉರುಳಿ ಗೋಡೆಗೆ ತಾಗಿ ನಿಂತಿತು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ನನಗೆ ಇವತ್ತಿಗೂ ಕೇಳಿಸುತ್ತದೆ. ನನ್ನ ತಂದೆಯ ಅಕ್ಕ ಸುಬ್ಬತ್ತೆ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಗಟ್ಟಿಮುಟ್ಟಾಗಿದ್ದ ಹೆಂಗಸು ಹನ್ನೊಂದು ತಿಂಗಳು ನಡುಮನೆಯಲ್ಲಿ ಮಲಗಿದ್ದು, ಮಲಗಿದ ಹಾಗೆಯೇ ಹೋದರು. ಮುದುಕರು ಸಾಯುವುದು ರೋಗದಿಂದಲ್ಲ, ಬೀಳುವುದರಿಂದ ಎಂದು ಆ ವಯಸ್ಸಿನಲ್ಲೇ ನಾನು ತೀರ್ಮಾನಿಸಿಬಿಟ್ಟೆ.

ಸುಬ್ಬತ್ತೆಯ ಸೇವೆಯನ್ನೆಲ್ಲ ಮಾಡಿದವಳು ನನ್ನ ಅಕ್ಕ. ಪದ್ಮಾವತಿ ಎಂದು ಅವಳ ಹೆಸರು, ಆದರೆ ನನಗೂ ಸರೋಜಳಿಗೂ ಬೀದಿಯ ಅರ್ಧ ಜನಕ್ಕೂ ಅವಳು ಬರೀ ಅಕ್ಕ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತೌರಿಗೆ ಬಂದಳು. ಅದೇ ವರ್ಷ ನಮ್ಮ ತಾಯಿಯೂ ತೀರಿಕೊಂಡದ್ದರಿಂದ ಆರು ವರ್ಷದ ನನ್ನನ್ನು ಸೊಂಟಕ್ಕೆ ಏರಿಸಿಕೊಂಡಳು. ನಾನು ಇಳಿದದ್ದು ಯಾವಾಗ ಎಂದು ಸರೋಜ ಈಗಲೂ ಕೇಳುತ್ತಾಳೆ.

ಮನೆಯಲ್ಲಿ ಗಂಗೆ ಎಂಬ ಹಸುವಿತ್ತು. ಅಕ್ಕ ಕರೆಯುತ್ತಿದ್ದಳು. ನಾನು ಪಕ್ಕದಲ್ಲಿ ಲೋಟ ಹಿಡಿದು ಕೂತಿರುತ್ತಿದ್ದೆ. ನೊರೆಹಾಲು ಕುಡಿದು ಮೂಗಿಗೆಲ್ಲ ನೊರೆ ಹತ್ತಿಸಿಕೊಂಡು ಬಂದರೆ ಅವಳೇ ಸೆರಗಿನಲ್ಲಿ ಒರೆಸುವಳು. ಕಾಯಿಸಿದ ಹಾಲಿನ ಕೆನೆಯನ್ನು ಮಡಿಸಿ ನನ್ನ ರೊಟ್ಟಿಯ ಮೇಲೆ ಹಾಕುವಳು. "ನಿಂಗೆ ಬೇಡ್ವಾ ಅಕ್ಕಾ?" ಅಂದರೆ, "ನಂಗೆ ಕೆನೆ ಸೇರಲ್ಲ ಕಣೋ, ವಾಂತಿ ಬರತ್ತೆ," ಅನ್ನುವಳು. ನಾನು ನಂಬಿದ್ದೆ. ಕೆಲಸ ಸಿಕ್ಕಿ, ಮದುವೆಯಾಗಿ, ಮದರಾಸಿನಲ್ಲಿ ಮನೆ ಮಾಡಿ ಅವಳನ್ನು ಕರೆಸಿಕೊಂಡ ಮೇಲೆ ಒಂದು ದಿನ ನೋಡುತ್ತೇನೆ, ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಪಾಕೆಟ್ ಹಾಲಿನ ತೆಳ್ಳನೆಯ ಕೆನೆಯನ್ನು ಬೆರಳಲ್ಲಿ ತೆಗೆದು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಾಳೆ. ನಾನು ಸದ್ದು ಮಾಡದೆ ಹಿಂದೆ ಬಂದೆ. ಅಂಥವಳು ಹಾಲು ಬಿಟ್ಟಳು.

ಬಿಟ್ಟದ್ದು ಗಯೆಯಲ್ಲಿ. ನಾನು ನಿವೃತ್ತನಾದ ವರ್ಷ ಅದು. ಹೊಸ ಶತಮಾನಕ್ಕೆ ಇನ್ನೆರಡು ವರ್ಷವಿತ್ತು. ತಂದೆತಾಯಿಯ ಶ್ರಾದ್ಧ ಗಯೆಯಲ್ಲಿ ಮಾಡಿ ಬರೋಣವೆಂದು ಮೂವರೂ ಹೊರಟೆವು. ಅಲ್ಲಿ ಅಕ್ಷಯವಟದ ಕೆಳಗೆ ಒಂದು ಕಾಯಿ, ಒಂದು ಹಣ್ಣು, ಒಂದು ಎಲೆ ಬಿಡಬೇಕೆಂಬ ಪದ್ಧತಿಯಿದೆ. ಬಿಟ್ಟದ್ದನ್ನು ಜೀವ ಇರುವವರೆಗೆ ಬಾಯಿಗೆ ಇಡುವಂತಿಲ್ಲ. ಪ್ರಿಯವಾದದ್ದನ್ನು ಬಿಡಬೇಕು ಎಂಬುದು ಅದರ ತಾತ್ಪರ್ಯ. ಆದರೆ ನಮ್ಮವರು ಬುದ್ಧಿವಂತರು. ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗಲೇ ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂದು ಲೆಕ್ಕ ಹಾಕಲು ಶುರುಮಾಡುತ್ತಾರೆ. ನಾನು ಹಾಗಲಕಾಯಿ, ಬೇಲದ ಹಣ್ಣು, ಮೆಂತ್ಯದ ಸೊಪ್ಪು ಎಂದು ಗೊತ್ತುಮಾಡಿಕೊಂಡಿದ್ದೆ. ಮೂರನ್ನೂ ನಾನು ಹುಟ್ಟಿದಾಗಿನಿಂದ ತಿಂದವನಲ್ಲ.

ನಾವು ನಮ್ಮ ನಮ್ಮ ಪಟ್ಟಿ ಒಪ್ಪಿಸಿದ ಮೇಲೆ ಪುರೋಹಿತರು ಅಕ್ಕನ ಕಡೆ ತಿರುಗಿದರು. ದಕ್ಷಿಣದ ಯಾತ್ರಿಕರನ್ನು ನೋಡಿ ನೋಡಿ ಅವರಿಗೆ ಸೊಗಸಾದ ಕನ್ನಡ ಬರುತ್ತಿತ್ತು. ಅಕ್ಕ, "ಪಡವಲಕಾಯಿ, ಸೀಬೆಹಣ್ಣು, ಹರಿವೆಸೊಪ್ಪು," ಎಂದಳು. ನೀರಿಗೆ ಕೈ ಒಡ್ಡಿ, "ಜೊತೆಗೆ ಹಾಲು," ಎಂದಳು. "ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಎಲ್ಲ."

ಪುರೋಹಿತರೇ ಗಾಬರಿಯಾದರು. "ಅಷ್ಟು ಬೇಡ ಅಮ್ಮ. ಶಾಸ್ತ್ರದಲ್ಲಿ ಅದನ್ನ ಯಾರೂ ಕೇಳಿಲ್ಲ."

"ಯಾರೂ ಕೇಳ್ಲಿಲ್ಲ. ನಾನೇ ಕೊಟ್ಟೆ," ಎಂದು ಅಕ್ಕ ಕೈಯಲ್ಲಿದ್ದ ನೀರು ಬಿಟ್ಟಳು. ಅವಳಿಗಾಗ ಎಪ್ಪತ್ತೆರಡು.

ನಾನು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು ಬಿಡುವುದು ನಮ್ಮ ಮನೆತನಕ್ಕೆ ಹೊಸದೇನಲ್ಲ. ಇದೂ ಅಂಥದೇ ಒಂದು, ಊರಿಗೆ ಹೋದಮೇಲೆ ಕಾಫಿಯ ಘಮ ಮೂಗಿಗೆ ತಾಗಿದರೆ ಸರಿಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಪಲ್ಲಾವರಂಗೆ ಬಂದ ಮರುದಿನದಿಂದ ಅಕ್ಕ ಬರೀ ಡಿಕಾಕ್ಷನ್ನಿಗೆ ಬೆಲ್ಲ ಹಾಕಿಕೊಂಡು ಕುಡಿಯತೊಡಗಿದಳು. ದೇವರಿಗೆ ಪಂಚಾಮೃತ ಮಾಡುವಳು, ನಮಗೆಲ್ಲ ಹಂಚುವಳು, ತಾನು ಬರೀ ಕಣ್ಣಿಗೆ ಒತ್ತಿಕೊಳ್ಳುವಳು. ನಮ್ಮ ಅನ್ನಕ್ಕೆ ತುಪ್ಪ, ಅವಳ ಅನ್ನಕ್ಕೆ ಎರಡು ಹನಿ ಎಳ್ಳೆಣ್ಣೆ.

ಊಟದ ಕೊನೆಗೆ ಮೊಸರನ್ನವಿಲ್ಲ ಎಂಬುದನ್ನು ನಮ್ಮ ಮೇಲಿನ ಮನೆಯ ವೈದೇಹಿ ಮಾಮಿಗೆ ಸಹಿಸಲಾಗಲಿಲ್ಲ. ಅವರು ಮದರಾಸಿನಲ್ಲೇ ಹುಟ್ಟಿ ಬೆಳೆದವರು. "ಮೋರಿಲ್ಲಾಮ ಎಪ್ಪಡಿ ಮಾಮಿ ಸಾಪ್ಪಿಡರೇಳ್?" ಎಂದು ಕೇಳಿ, ಮಜ್ಜಿಗೆಯಿಲ್ಲದ ಊಟವನ್ನು ಕಣ್ಣಾರೆ ನೋಡಲೆಂದೇ ಒಂದು ಮಧ್ಯಾಹ್ನ ಇಳಿದು ಬಂದರು. ಅಕ್ಕ ಹುರುಳಿ ಸಾರಿನ ಅನ್ನ ಉಂಡು, ನುಗ್ಗೆಸೊಪ್ಪಿನ ಪಲ್ಯ ಉಂಡು, ಕೊನೆಯ ತುತ್ತಿಗೆ ಎಳ್ಳು, ಕಾಯಿ ರುಬ್ಬಿದ ತಂಬುಳಿ ಕಲಸಿಕೊಂಡಳು. ಮಾಮಿ ಕಣ್ಣು ಒರೆಸಿಕೊಂಡು ಮೇಲೆ ಹೋದರು.

ನಾನು ಮಾತ್ರ ಮೂಳೆಗಳನ್ನು ನೋಡುತ್ತಿದ್ದೆ. ಅಕ್ಕನ ಮಣಿಕಟ್ಟು, ಅಕ್ಕನ ಹರಡು, ಸೀರೆ ಎತ್ತಿ ಮೆಟ್ಟಿಲು ಹತ್ತುವಾಗ ಕಾಣುವ ಸಣ್ಣ ಮೀನಖಂಡ. ಮೂಳೆ ಎಂದರೆ ಸುಣ್ಣ, ಸುಣ್ಣ ಎಂದರೆ ಹಾಲು ಎಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ಬೆಳಗ್ಗೆ ಅವಳು ಸ್ನಾನಕ್ಕೆ ಹೋದರೆ ನಾನು ಪೇಪರು ಹಿಡಿದುಕೊಂಡು ಬಚ್ಚಲ ಬಾಗಿಲಿಗೆ ಹತ್ತಿರವಾಗಿ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಪೇಪರಿನಲ್ಲಿ ಏನಿತ್ತು ಎಂದು ಕೇಳಿದ್ದರೆ ಒಂದು ಸಾಲೂ ಹೇಳಲು ಬರುತ್ತಿರಲಿಲ್ಲ. ನೀರು ಬೀಳುವ ಸದ್ದು ನಿಂತರೆ ಹೆದರಿಕೆ, ನಿಲ್ಲದಿದ್ದರೂ ಹೆದರಿಕೆ.

ಕೊನೆಗೆ ಕ್ರೋಂಪೇಟೆಯಲ್ಲಿ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಕ್ಕ ಯಾವ ಮಾತ್ರೆಯನ್ನೂ ಒಪ್ಪಲಿಲ್ಲ. ಅದರೊಳಗೆ ಏನು ಬೆರೆಸಿರುತ್ತಾರೋ ಯಾರಿಗೆ ಗೊತ್ತು ಎಂದಳು. ಹಾಲು ಬಿಟ್ಟವರಿಗೆ ಒಂದು ಬಗೆಯ ವಿಟಮಿನ್ ಕಡಿಮೆಯಾಗುತ್ತದೆ, ಅದನ್ನಾದರೂ ಸೂಜಿಯಲ್ಲಿ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ ಒಡನೆ ತೋಳು ಚಾಚಿದಳು. "ನಾನು ಬಿಟ್ಟಿರೋದು ಬಾಯಿಂದ. ತೋಳಿಂದ ಅಲ್ಲ," ಎಂದಳು. ಅವಳು ಹೊರಗೆ ಹೋದಮೇಲೆ ಡಾಕ್ಟರು ನನ್ನನ್ನು ನಿಲ್ಲಿಸಿಕೊಂಡು, "ಈ ವಯಸ್ಸಲ್ಲಿ ಒಂದು ಸಲ ಬಿದ್ರೆ ಸಾರ್..." ಎಂದರು. ಅಷ್ಟೇ. ಮಾತು ಮುಗಿಸದೆ ಮುಂದಿನ ರೋಗಿಯನ್ನು ಕರೆದರು. ಆ ಮಾತನ್ನು ನಾನು ಮನೆಗೆ ತಂದು ದಿನವೂ ಬೇರೆ ಬೇರೆ ರೀತಿಯಲ್ಲಿ ಮುಗಿಸಿಕೊಂಡೆ.

ಹಾಲಿನ ಪುಡಿಯ ಆಲೋಚನೆ ಬಂದದ್ದು ಆಗ.

ಸರೋಜ ಅಂದು ಇನ್ನೂ ತಾಂಬರಂನ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಏಳು ಗಂಟೆಗೆಲ್ಲ ರೈಲಿಗೆ ಹೊರಡುವಳು. ಅಕ್ಕನ ಪೂಜೆ ಮುಗಿಯುವ ಹೊತ್ತಿಗೆ ಅವಳಿಗೆ ರಾಗಿ ಗಂಜಿ ಮಾಡಿಡುವುದು ನಿವೃತ್ತನಾದ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಗಂಜಿ ಕುದಿಯುವಾಗ ಹಿಂದೆ ಮುಂದೆ ನೋಡಿ ಎರಡು ಚಮಚ ಪುಡಿ ಹಾಕಿ ತಿರುಗಿಸಿದೆ. ರಾಗಿಯ ಬಣ್ಣದಲ್ಲಿ ಬಿಳಿ ಎಲ್ಲಿ ಕಾಣುತ್ತದೆ? ಬೆಲ್ಲದ ಮುಂದೆ ರುಚಿ ಎಲ್ಲಿ ತಿಳಿಯುತ್ತದೆ? ಪುಡಿಯನ್ನು ಹಳೆಯ ತಗಡಿನ ಡಬ್ಬಕ್ಕೆ ತುಂಬಿ, ಗಿಡದ ಗೊಬ್ಬರ ಎಂದು ಬರೆದು, ಬಾಲ್ಕನಿಯಲ್ಲಿ ಪೊರಕೆಯ ಪಕ್ಕ ಇಟ್ಟೆ. ಆ ವಾರವೇ ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋಗಿ ಗೇಣುದ್ದದ ಒಂದು ಕರಿಬೇವಿನ ಗಿಡವನ್ನೂ ಕುಂಡವನ್ನೂ ತಂದೆ. ಗಿಡವೇ ಇಲ್ಲದ ಮನೆಯಲ್ಲಿ ಗೊಬ್ಬರ ಯಾಕೆ ಎಂದು ಸರೋಜ ಕೇಳಬಹುದಲ್ಲ! ಕಳ್ಳನಿಗೆ ಇರಬೇಕಾದ ಮುಂದಾಲೋಚನೆಯೆಲ್ಲ ನನಗಿತ್ತು, ಧೈರ್ಯವೊಂದನ್ನು ಬಿಟ್ಟು.

ಲೋಟ ಕೈಗೆ ಕೊಟ್ಟು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತೆ. ಅಕ್ಕ ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, "ಇಲ್ಲಿ ಸೆಕೆ ಕಣೋ, ಬಾಲ್ಕನೀಲಿ ಕೂತ್ಕೊಂಡು ಕುಡೀತೀನಿ," ಎಂದು ಎದ್ದು ಹೋದಳು. ಅಂದಿನಿಂದ ಅದೇ ಅವಳ ಜಾಗವಾಯಿತು. ನಾನು ಅಡುಗೆಮನೆಯಲ್ಲಿ ನಿಂತು ತಲೆಯ ಮೇಲೆ ಹತ್ತಿರದ ನಿಲ್ದಾಣಕ್ಕೆ ವಿಮಾನ ಇಳಿಯುವ ಸದ್ದಿನ ನಡುವೆ ಅವಳು ಲೋಟ ತೊಳೆಯುವ ಸದ್ದಿಗಾಗಿ ಕಾಯುವೆ. ಲೋಟ ಖಾಲಿಯಾಗಿ ಬರುವುದು. ನನಗೆ ಒಂದು ದಿನದ ಮಟ್ಟಿಗೆ ಉಸಿರು ಬರುವುದು.

ಅಕ್ಕ ನೋಡನೋಡುತ್ತ ಗಟ್ಟಿಯಾದಳು. ಇದು ನನ್ನ ಕಲ್ಪನೆಯಲ್ಲ, ಬೀದಿಯೇ ಹೇಳುತ್ತಿತ್ತು. ಬೆಳಗ್ಗೆ ರೈಲ್ವೆ ಗೇಟಿನವರೆಗೆ ನಡೆದು ಬರುವಳು. ಜೊತೆಗೆ ಹೊರಟ ನಾನು ಅರ್ಧದಲ್ಲೇ ಯಾರದಾದರೂ ಮನೆಯ ಜಗುಲಿ ಹುಡುಕುವೆ. ಊರಿಗೇ ನೀರಿಲ್ಲದ ಆ ವರ್ಷಗಳಲ್ಲಿ ತಣ್ಣಿ ಲಾರಿ ಬಂದರೆ ಪ್ಲಾಸ್ಟಿಕ್ ಕೊಡ ಹಿಡಿದು ಮೊದಲು ಇಳಿಯುವವಳು ಅಕ್ಕ. ಎಪ್ಪತ್ತೇಳು ವರ್ಷದ ಹೆಂಗಸು ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಒದ್ದೆ ಮೆಟ್ಟಿಲು ಹತ್ತುತ್ತಿದ್ದರೆ ನಾನು ಅವಳ ಹಿಂದೆ ಎರಡು ಕೈ ಚಾಚಿಕೊಂಡು, ಬಿದ್ದರೆ ಹಿಡಿಯಲು, ಅಕ್ಕಾ ಅಕ್ಕಾ ಎನ್ನುತ್ತ ಹತ್ತುತ್ತಿದ್ದೆ. ಸೊಂಟ! ಸುಬ್ಬತ್ತೆಯ ಸೊಂಟವೇ ನನ್ನ ಕಣ್ಣ ಮುಂದೆ. ನನ್ನ ಹಿಂದೆ ಹತ್ತುವವರು, "ಸಾರ್, ನೀವು ದಾರಿ ಬಿಡಿ, ಅವರು ಹೋಗ್ತಾರೆ," ಎನ್ನುತ್ತಿದ್ದರು.

ವೈದೇಹಿ ಮಾಮಿ ಗುಟ್ಟು ಕೇಳಿದರೆ ಅಕ್ಕ ಎಳ್ಳು, ಹುರುಳಿ, ನುಗ್ಗೆಸೊಪ್ಪು ಎನ್ನುವಳು. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಒಳಗೊಳಗೇ ಬೀಗುವೆ. ಎರಡು ಚಮಚದ ಗುಟ್ಟು ನನಗೊಬ್ಬನಿಗೇ ಗೊತ್ತು. ಕಾಲೇಜಿನಲ್ಲಿದ್ದ ನನ್ನ ಮಗಳು ಅನು ಬ್ರೌಸಿಂಗ್ ಸೆಂಟರಿನಲ್ಲಿ ಏನನ್ನೋ ಓದಿ ಬಂದು, "ಅಪ್ಪಾ, ಅತ್ತೈ ವೀಗನ್ ಪ್ಪಾ!" ಎಂದು ಕುಣಿದಳು. ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಹಾಲು, ತುಪ್ಪ ಯಾವುದೂ ಮುಟ್ಟದವರನ್ನು ಹಾಗೆನ್ನುತ್ತಾರಂತೆ, ಹೊರದೇಶದಲ್ಲಿ ತುಂಬ ಜನ ಇದ್ದಾರಂತೆ. "ಇದಕ್ಕೂ ಒಂದು ಹೆಸರು ಇಟ್ಬಿಟ್ರಾ," ಎಂದು ಅಕ್ಕ ಅಚ್ಚರಿಪಟ್ಟಳು. ಆ ವೀಗನ್ನಿನ ಗಂಜಿಯಲ್ಲಿ ನಾನು ಏನು ಹಾಕುತ್ತಿದ್ದೇನೆಂದು ನೆನೆದು ನನಗೆ ಬೆವರು ಬಂತು.

ಈ ನಡುವೆ ಕರಿಬೇವಿನ ಗಿಡವೂ ಬೆಳೆದಿತ್ತು. ಕುಂಡದಲ್ಲಿ ಕರಿಬೇವು ಬರುವುದಿಲ್ಲ ಎನ್ನುವವರ ಬಾಯಿ ಮುಚ್ಚಿಸುವ ಹಾಗೆ, ಎರಡು ಸಲ ಕುಂಡ ಬದಲಾಯಿಸಿಕೊಂಡು, ಮೂರು ವರ್ಷಕ್ಕೆ ನನ್ನೆತ್ತರ ಬಂದು ಮಾಮಿಯ ಬಾಲ್ಕನಿಯತ್ತ ಕೈ ಚಾಚಿತು. ಎಲೆಗಳು ಒಂದೊಂದೂ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಕುಂಡದ ಸುತ್ತ ಸದಾ ಇರುವೆ. ಪಲ್ಲಾವರಂನ ಮಣ್ಣೇ ಹಾಗೆ, ಸಿಹಿ ಮಣ್ಣು ಎಂದು ನಾನು ಎಲ್ಲರಿಗೂ ವಿವರಿಸುತ್ತಿದ್ದೆ.

ಹೀಗೆ ನನ್ನ ಹೆದರಿಕೆ ಸ್ವಲ್ಪ ತಹಬಂದಿಗೆ ಬಂದಿದ್ದಾಗ ಸರೋಜ ಒಂದು ಭಾನುವಾರ ಬೀನ್ಸ್ ಸೋಸುತ್ತ ಬಾಯಿ ಬಿಟ್ಟಳು. ನಾನು ಊಟದ ಮೇಲೆ ಎದೆ ನೀವಿಕೊಂಡೆ, ಅದೇ ನೆಪವಾಯಿತು.

"ಅಕ್ಕ ಹಾಲು ಬಿಟ್ಟಿದ್ದು ಯಾಕೆ ಗೊತ್ತಾ ನಿಮ್ಗೆ?" ಎಂದಳು. "ಹೇಳ್ಬೇಡ ಅಂದಿದ್ರು. ನಿಮ್ಮ ಆಯುಸ್ಸಿಗೆ."

ನಿವೃತ್ತಿಗೆ ಎರಡು ತಿಂಗಳ ಮುಂಚೆ ಆಫೀಸಿನಲ್ಲಿ ನನಗೆ ಎದೆನೋವು ಬಂದು, ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಎಲ್ಲ ಪರೀಕ್ಷೆ ಮಾಡಿ, ಹೃದಯದಲ್ಲಿ ಏನೂ ಇಲ್ಲ, ಬರೀ ವಾಯು ಎಂದು ಮನೆಗೆ ಕಳಿಸಿದ್ದರು. ಆ ನಾಲ್ಕು ದಿನದಲ್ಲಿ ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ಕೂತು, ಶೀನಿ, ಅಂದರೆ ನಾನು, ಉಳಿದರೆ ಗಯೆಯಲ್ಲಿ ಹಾಲು ಬಿಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ವಾಯುವಿಗೆ ಇಷ್ಟು ದೊಡ್ಡ ಬೆಲೆ ಲೋಕದಲ್ಲಿ ಯಾರೂ ಕೊಟ್ಟಿರಲಾರರು.

ನಗು ಬರಬೇಕಾಗಿತ್ತು, ಬರಲಿಲ್ಲ. ಅವಳು ಹಾಲು ಬಿಟ್ಟಿರುವವರೆಗೆ ನಾನು ಬದುಕಿರುತ್ತೇನೆ ಎಂಬುದು ಒಪ್ಪಂದ. ಆ ಒಪ್ಪಂದವನ್ನು ದಿನವೂ ಬೆಳಗ್ಗೆ ಎರಡು ಚಮಚದಂತೆ ಮುರಿಯುತ್ತಿದ್ದವನು ನಾನೇ! ಪುಡಿ ಹಾಕಿದರೆ ನನ್ನ ಜೀವಕ್ಕೆ ಭಯ, ಹಾಕದಿದ್ದರೆ ಅಕ್ಕನ ಮೂಳೆಗೆ ಭಯ. ಇಂಥ ಇಕ್ಕಟ್ಟಿಗೆ ಸಿಕ್ಕಿದ ಹೇಡಿ ಏನು ಮಾಡುತ್ತಾನೆಂದು ನೀವು ಊಹಿಸಬಲ್ಲಿರಿ. ಮೂರು ದಿನ ಪುಡಿ ನಿಲ್ಲಿಸಿದೆ. ನಾಲ್ಕನೆಯ ದಿನ ಅಕ್ಕ ಹೊಸ್ತಿಲಿಗೆ ಕಾಲು ತಾಗಿ ಒಂದಿಷ್ಟು ಮುಗ್ಗರಿಸಿದಳು. ಐದನೆಯ ದಿನದಿಂದ ಒಂದೇ ಚಮಚ ಹಾಕಿದೆ. ಅವಳ ಮೂಳೆಗೆ ಅರ್ಧ, ನನ್ನ ಆಯುಸ್ಸಿಗೆ ಅರ್ಧ ಎಂದು ದೇವರ ಜೊತೆ ಚೌಕಾಸಿ ಮಾಡಿಕೊಂಡೆ.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ಎದೆಯಲ್ಲಿ ಚುಳಕ್ ಎಂದರೆ ಬೆಳಗಿನ ಚಮಚ ನೆನಪಾಗುವುದು. ಸಂಜೆ ದೇವರ ಮುಂದೆ ನಿಂತರೆ ಕೈ ಮುಗಿಯಲು ನಾಚಿಕೆಯಾಗುವುದು. ಹೇಳಿಬಿಡೋಣವೆಂದು ಎಷ್ಟೋ ಸಲ ಅಕ್ಕನ ಹತ್ತಿರ ಹೋಗಿ ಕೂತೆ. ಅವಳು ಬತ್ತಿ ಹೊಸೆಯುತ್ತ, "ಏನೋ?" ಎನ್ನುವಳು. "ಏನಿಲ್ಲ, ಸೆಕೆ," ಎಂದು ಎದ್ದು ಬರುವೆ. ಮದರಾಸಿನಲ್ಲಿ ಈ ಒಂದು ಸುಳ್ಳನ್ನು ಮಾತ್ರ ವರ್ಷದ ಯಾವ ತಿಂಗಳಲ್ಲಾದರೂ ಹೇಳಬಹುದು.

ಒಂದು ಬೆಳಗ್ಗೆ ಸರೋಜ ಶಾಲೆಗೆ ಹೋಗಿದ್ದಳು, ಅನು ಕಾಲೇಜಿಗೆ. ಅಕ್ಕನಿಗೆ ಎಪ್ಪತ್ತೆಂಟು ತುಂಬಿತ್ತು. ತಲೆಗೆ ಎರೆದುಕೊಳ್ಳಲು ಹೋಗಿದ್ದಳು. ನಾನು ನನ್ನ ಕುರ್ಚಿಯಲ್ಲಿದ್ದೆ. ಆಗ ಒಳಗೆ ಚೊಂಬು ಬಿತ್ತು.

ಠಣ್ಣೆಂದಿತು. ಗರಗರನೆ ಉರುಳಿತು. ಗೋಡೆಗೆ ತಾಗಿ ನಿಂತಿತು. ಆಮೇಲೆ ಏನೂ ಇಲ್ಲ.

"ಅಕ್ಕಾ!" ಎಂದೆ. ಉತ್ತರವಿಲ್ಲ. ಬಾಗಿಲು ಬಡಿದೆ. ಒಳಗಿನಿಂದ ಚಿಲಕ ಹಾಕಿತ್ತು. ಏಳು ವರ್ಷದ ಹುಡುಗನಾಗಿ ಒಲೆಯ ಮುಂದೆ ಕೂತಿದ್ದಾಗ ಯಾವ ಭಯವಾಗಿತ್ತೋ ಅದೇ ಭಯ ಅಷ್ಟೇ ಹೊಸದಾಗಿ ಬಂತು. ನನ್ನ ಪಾಪ ನನ್ನನ್ನು ಬಿಟ್ಟು ಅವಳ ಮೇಲೆ ಬಿತ್ತು ಎಂದುಕೊಂಡೆ. ಎರಡು ಕೈಯಲ್ಲೂ ಬಾಗಿಲು ಬಡಿಯುತ್ತ, ಅಳುತ್ತ ಕೂಗಿದೆ.

"ಅಕ್ಕಾ, ತಪ್ಪಾಯ್ತು! ನಿನ್ನ ಗಂಜೀಲಿ ಹಾಲಿನ ಪುಡಿ ಹಾಕ್ತಿದ್ದೆ! ಐದು ವರ್ಷದಿಂದ ಹಾಕ್ತಿದೀನಿ! ಹರಕೆ ಕೆಡಿಸಿದ್ದು ನಾನು, ಆಗೋದೆಲ್ಲ ನಂಗೇ ಆಗ್ಲಿ! ನೀನು ಮಾತಾಡು ಅಕ್ಕಾ, ಬಾಗ್ಲು ತೆಗಿ!"

ಬಾಗಿಲಿಗೆ ಒರಗಿದ ಹಾಗೇ ಜಾರಿ ನೆಲಕ್ಕೆ ಕುಸಿದೆ. ಎಷ್ಟು ಹೊತ್ತಾಯಿತೋ ತಿಳಿಯದು. ಚಿಲಕ ತೆಗೆದ ಸದ್ದಾಯಿತು. ಅಕ್ಕ ಸೀರೆ ಸುತ್ತಿಕೊಂಡು, ಒದ್ದೆ ಕೂದಲಿಗೆ ಟವಲು ಕಟ್ಟಿಕೊಂಡು, ಸೀಗೆಪುಡಿ ಹೋಗಿ ಕೆಂಪಾದ ಕಣ್ಣನ್ನು ಉಜ್ಜಿಕೊಳ್ಳುತ್ತ ನಿಂತಿದ್ದಳು.

"ಬಿದ್ದಿದ್ದು ಚೊಂಬು ಕಣೋ, ನಾನಲ್ಲ," ಎಂದಳು. "ಕಣ್ಣು ಬಿಡೋಕಾಗ್ದೆ ಅದನ್ನ ತಡಕಾಡ್ತಿದ್ದೆ. ಬಾಯಿ ತೆಗೆದ್ರೆ ಸೀಗೆಪುಡಿ ಬಾಯಿಗೇ ಹೋಗತ್ತೆ, ಹೇಗೆ ಓಗೊಡ್ಲಿ? ಏಳು ಮೇಲೆ."

ಏಳಲಾಗಲಿಲ್ಲ. ಅವಳು ಬಗ್ಗಿ ನನ್ನ ರಟ್ಟೆ ಹಿಡಿದು ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದಳು. ನಾನೇನು ಹಗುರದವನಲ್ಲ. ಆ ಕೈಯ ಬಲ ನನಗೆ ಈಗಲೂ ರಟ್ಟೆಯಲ್ಲಿದೆ. ನಿಲ್ಲಿಸಿದ ಮೇಲೂ ಕೈ ಬಿಡದೆ, ಶಾಲೆಗೆ ಹೋಗುವ ಮಗುವನ್ನು ನಡೆಸುವ ಹಾಗೆ ಬಾಲ್ಕನಿಗೆ ಕರೆದುಕೊಂಡು ಹೋಗಿ ಕರಿಬೇವಿನ ಮುಂದೆ ಕೂರಿಸಿದಳು.

"ನಿಂಗೆ ಗೊತ್ತಿತ್ತಾ?" ಎಂದೆ.

"ಮೊದಲ್ನೇ ದಿನದಿಂದ. ಅರವತ್ತು ವರ್ಷ ಹಾಲು ಕಾಯಿಸಿದೋಳು ಕಣೋ ನಾನು. ಬಿಟ್ಟ ಮೇಲಂತೂ ಲೋಟ ಹತ್ತಿರ ಬರೋಕೆ ಮುಂಚೇನೇ ಮೂಗಿಗೆ ಹೊಡಿಯತ್ತೆ."

"ಮತ್ತೆ ಗಂಜಿ?"

ಅಕ್ಕ ಗದ್ದದಿಂದ ಗಿಡದ ಕಡೆ ತೋರಿಸಿದಳು. ಒಂದು ತೊಟ್ಟನ್ನೂ ಕುಡಿದಿರಲಿಲ್ಲ. ನೀರು ಬೆರೆಸಿ ಬೇರಿಗೆ ಹಾಕಿ, ಲೋಟ ತೊಳೆದಿಟ್ಟು, ದೇವರ ಗೂಡಿನಲ್ಲಿ ಬಚ್ಚಿಟ್ಟುಕೊಂಡ ಕಡಲೆಕಾಯಿ ಬೆಲ್ಲ ತಿನ್ನುತ್ತಿದ್ದಳಂತೆ. ಐದು ವರ್ಷ! ಕೊಡ ಹೊತ್ತದ್ದು, ರೈಲ್ವೆ ಗೇಟಿನವರೆಗೆ ನಡೆದದ್ದು, ಈಗ ನನ್ನನ್ನು ಎತ್ತಿದ್ದು, ಯಾವುದರಲ್ಲೂ ನನ್ನ ಎರಡು ಚಮಚ ಇರಲಿಲ್ಲ.

"ಹೇಳ್ಬಾರ್ದಾಗಿತ್ತಾ ಅಕ್ಕಾ? ನಾನು ಎಷ್ಟು ಹೆದರಿದ್ದೆ ಗೊತ್ತಾ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಸಾರಿಗೆ ಹಾಕ್ತಿದ್ದೆ, ಹುಳಿಗೆ ಹಾಕ್ತಿದ್ದೆ. ಆಮೇಲೆ ನಾನು ತಿನ್ನೋದೇನು?" ಎಂದಳು. ಟವಲು ಬಿಚ್ಚಿ ಕೂದಲು ಒರೆಸಿಕೊಳ್ಳುತ್ತ, "ಖಾಲಿ ಲೋಟ ತಂದಿಟ್ಟಾಗ ನಿನ್ನ ಮುಖ ನೋಡ್ಬೇಕಿತ್ತು ಶೀನಿ. ಇಡೀ ದಿನದಲ್ಲಿ ಆ ಒಂದು ಗಳಿಗೇಲಿ ನಿಂಗೆ ಹೆದ್ರಿಕೆ ಇರ್ತಿರ್ಲಿಲ್ಲ. ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ," ಎಂದಳು.

ಏನಾದರೂ ಹೇಳಬೇಕೆಂದು, "ಅಷ್ಟು ಗಂಜಿ ಚೆಲ್ಲಿದ್ರೆ ಪಾಪ ಅಲ್ವಾ?" ಎಂದೆ.

"ಎಲ್ಲಿ ಚೆಲ್ಲಿದೆ? ಡಬ್ಬದ ಮೇಲೆ ಗಿಡದ ಗೊಬ್ಬರ ಅಂತ ನೀನೇ ಬರ್ದಿದ್ಯಲ್ಲ. ಗಿಡಕ್ಕೇ ಹಾಕಿದೆ," ಎಂದು ಅಕ್ಕ ಒಂದು ಎಸಳು ಕರಿಬೇವು ಕಿತ್ತುಕೊಂಡು ಒಗ್ಗರಣೆಗೆ ಹೋದಳು.

ಡಬ್ಬ ಅಂದೇ ಖಾಲಿಯಾಗಿ ಪರಣ್ ಸೇರಿತು. ಆ ಉತ್ಸಾಹದಲ್ಲಿ ನಾನೂ ಒಂದು ವಾರ ಹಾಲು ಬಿಟ್ಟು ನೋಡಿದೆ. ಎಂಟನೆಯ ದಿನ ಮಾಮಿಯ ಮನೆಯ ಕಾಫಿ ಮೆಟ್ಟಿಲಿಳಿದು ಬಂದು ನನ್ನನ್ನು ಕರೆದುಕೊಂಡು ಹೋಯಿತು. ಅಕ್ಕನಿಗೆ ಈಗ ಎಂಬತ್ತಮೂರು. ಕೊಡ ಎತ್ತುವುದನ್ನು ಬಿಟ್ಟಿದ್ದಾಳೆ, ಮಿಕ್ಕ ಎಲ್ಲವೂ ಹಾಗೆಯೇ ಇದೆ. ಪುಡಿಯಿಲ್ಲದ ಗಂಜಿಯನ್ನು ನನ್ನ ಎದುರಿಗೇ ಕೂತು ಕುಡಿಯುತ್ತಾಳೆ. ನನ್ನ ಹೆದರಿಕೆ ಹೋಯಿತೇ ಎಂದು ನೀವು ಕೇಳಬಹುದು. ಇಲ್ಲ. ಎಳ್ಳಿನಿಂದ ಮೂಳೆ ಗಟ್ಟಿಯಾಗಬಹುದು, ನನ್ನಂಥವನ ಎದೆ ಗಟ್ಟಿಯಾಗುವುದಿಲ್ಲ.

ಮೊನ್ನೆ, ಈ ಡಬ್ಬ ಸಿಕ್ಕಿದ ಮರುದಿನ, ನಾನು ಸ್ನಾನ ಮಾಡುತ್ತಿದ್ದೆ. ಸೋಪಿನ ಕೈಯಿಂದ ಚೊಂಬು ಜಾರಿ ಬಿತ್ತು. ಅದಿನ್ನೂ ಉರುಳುತ್ತಿರುವಾಗಲೇ, "ಚೊಂಬು ಅಕ್ಕಾ, ಬರೀ ಚೊಂಬು," ಎಂದು ಕೂಗಿಕೊಂಡೆ.

"ಗೊತ್ತು ಕಣೋ. ನಾನೇನು ನಿನಗೋಸ್ಕರ ಇಲ್ಲಿ ನಿಂತಿಲ್ಲ," ಎಂದು ಬಾಗಿಲಿನ ಪಕ್ಕದಿಂದಲೇ ದನಿ ಬಂತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಕಾಣುತ್ತಿತ್ತು. ನಾನು ಮೈ ಒರೆಸಿಕೊಂಡು ಚಿಲಕ ತೆಗೆಯುವವರೆಗೂ ಅದು ಅಲ್ಲೇ ಇತ್ತು.